ಉಣ್ಣದ ಊಟ

ಎಲಿಜಬೆತ್‌ವಿಲ್, ಕಾಂಗೋ
2 ಜುಲೈ 1961

ತೀರ್ಥರೂಪ ಅಪ್ಪನವರಿಗೆ ದಿವಾಕರನ ನಮಸ್ಕಾರಗಳು.

ನಿಮ್ಮ ಕಾಗದ ಸೇನೆಯ ಅಂಚೆಯಲ್ಲಿ ಸುತ್ತಿ ಸುತ್ತಿ ಮೊನ್ನೆ ಬಂದು ಮುಟ್ಟಿತು. ರೈಲ್ವೆ ಆಫೀಸಿನಲ್ಲಿ ಎಲ್ಲರೂ ಮಗ ಅಲ್ಲಿ ಏನು ಮಾಡುತ್ತಾನೆಂದು ಕೇಳುತ್ತಾರೆ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ ಎಂದು ಬರೆದಿದ್ದೀರಿ.

ಈ ದೇಶಕ್ಕೆ ಬೆಲ್ಜಿಯಂನವರಿಂದ ಸ್ವಾತಂತ್ರ್ಯ ಬಂದು ಒಂದು ವರ್ಷವಾಯಿತು. ಬಂದ ಕೆಲವೇ ದಿನಗಳಲ್ಲಿ ತಾಮ್ರದ ಗಣಿಗಳಿರುವ ಈ ಕಟಾಂಗಾ ಪ್ರಾಂತ ತಾನೇ ಬೇರೆ ದೇಶವೆಂದು ಹೊರಟಿತು. ಪ್ರಾಂತದೊಳಗಿನ ಬಾಲುಬಾ ಜನ ಇದಕ್ಕೆ ಒಪ್ಪಲಿಲ್ಲ, ಹಾಗಾಗಿ ಅವರ ಮೇಲೆ ಎಲ್ಲರ ಸಿಟ್ಟು. ವಿಶ್ವಸಂಸ್ಥೆ ನಡುವೆ ನಿಂತಿದೆ, ಅದರ ಪರವಾಗಿ ನಮ್ಮ ಬ್ರಿಗೇಡು ನಿಂತಿದೆ. ನಾನು ಸೇನೆಯ ಶಿಕ್ಷಣ ವಿಭಾಗದವನು. ನನಗೆ ಬಂದೂಕಿಗಿಂತ ನಾಲಿಗೆಯ ಕೆಲಸವೇ ಹೆಚ್ಚು. ಬರೋಡಾದಲ್ಲಿ ಸಂಜೆ ತರಗತಿಗೆ ಹೋಗಿ ಫ್ರೆಂಚ್ ಕಲಿತಾಗ ನೀವು ಇದೆಂಥ ಗೀಳು ಎಂದು ಬೈದಿದ್ದಿರಿ. ಅದನ್ನು ನೋಡಿಯೇ ನನ್ನನ್ನು ಸಂಧಾನದ ತಂಡಕ್ಕೆ ಹಾಕಿದ್ದಾರೆ. ಹೊಡೆದಾಡಿದ ಹಳ್ಳಿಗಳ ಹಿರಿಯರನ್ನು ಮರದ ಕೆಳಗೆ ಕೂರಿಸಿ ಮಾತಾಡಿಸುವುದು, ಒಬ್ಬರು ಹಿಡಿದಿಟ್ಟುಕೊಂಡ ಇನ್ನೊಬ್ಬರ ಜನರನ್ನು ಬಿಡಿಸುವುದು, ಇದೇ ನನ್ನ ಕೆಲಸ.

ಹಳ್ಳಿಯವರಿಗೆ ಫ್ರೆಂಚ್ ಬಾರದು. ಅವರ ಸ್ವಾಹಿಲಿಯನ್ನು ನನಗೆ ತಿಳಿಸಿ ಹೇಳುವವರು ಪಿಯೆರ್ ಮುಕೆಂಡಿ ಎಂಬ ಶಾಲಾ ಮಾಸ್ತರು. ಬಾಲುಬಾ ಜನದವರು. ಮೊದಲ ದಿನ ನಾನು ಕೂತೊಡನೆ ಕೆಲಸದ ಮಾತೆತ್ತಿದೆ. ಅವರು ಅದನ್ನು ಅನುವಾದಿಸಲೇ ಇಲ್ಲ. "ಕ್ಯಾಪ್ಟನ್, ಮೊದಲು ಅವರ ಮನೆಯವರು ಹೇಗಿದ್ದಾರೆ ಕೇಳಿ. ಆಮೇಲೆ ಅವರು ನಿಮ್ಮ ಮನೆಯ ಬಗ್ಗೆ ಕೇಳುತ್ತಾರೆ. ಮನೆ ಯಾವುದೆಂದು ತಿಳಿಯದವನ ಮಾತನ್ನು ಇಲ್ಲಿ ಯಾರೂ ನಂಬುವುದಿಲ್ಲ" ಎಂದರು. ನಾನು ಬರೋಡಾ ಎಂದೆ. ಮಾಸ್ತರರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ತಮ್ಮ ಜೋಸೆಫ್ ನಮ್ಮ ಊರಿನಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನಂತೆ, ನಮ್ಮ ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಲ್ಲಿ. ಗಡಿಯಾಚೆ ರೊಡೇಷಿಯಾದಲ್ಲಿ ಬೆಳೆದವನಾದ್ದರಿಂದ ಇಂಗ್ಲಿಷ್ ಬರುತ್ತದೆ. ಫತೇಗಂಜ್‌ನ ಹಾಸ್ಟೆಲಿನಲ್ಲಿದ್ದಾನೆ. ಬಂದು ಒಂದು ವರ್ಷವಾದರೂ ಇನ್ನೂ ಯಾರ ಮನೆಯ ಒಳಗನ್ನೂ ನೋಡಿಲ್ಲವೆಂದು ಬರೆದಿದ್ದಾನಂತೆ.

ಅಪ್ಪಾ, ನಾನು ಮಾಸ್ತರರ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದೇನೆ. ನಾನು ಮಾಂಸ ತಿನ್ನುವುದಿಲ್ಲವೆಂದು ಅವರ ಹೆಂಡತಿ ಮಾರ್ತ್ ನನಗಾಗಿ ಬೇರೆ ಪಾತ್ರೆಯಲ್ಲಿ ಸೊಪ್ಪು ಬೇಯಿಸುತ್ತಾರೆ. ಜೋಸೆಫನನ್ನು ಒಂದು ಭಾನುವಾರ ಊಟಕ್ಕೆ ಕರೆಯಿರಿ. ಇಷ್ಟೇ ನನ್ನ ಕೋರಿಕೆ.

ನಿಮ್ಮ
ದಿವಾಕರ


ಪ್ರತಾಪನಗರ, ಬರೋಡಾ
6 ಆಗಸ್ಟ್ 1961

ಚಿ. ದಿವಾಕರನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ನಮ್ಮ ಸೂಪರಿಂಟೆಂಡೆಂಟರಿಗೆ ಓದಿ ಹೇಳಿದೆ. ಅವರು ಇಡೀ ಸೆಕ್ಷನ್ನಿನವರನ್ನು ಕರೆದು, "ರಾವ್ ಸಾಹೇಬರ ಮಗ ದೇಶ ದೇಶಗಳ ಜಗಳ ಬಿಡಿಸುತ್ತಾನೆ" ಎಂದರು. ಎಲ್ಲರಿಗೂ ಚಹಾ ಕೊಡಿಸಿದೆ. ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಹಾಕಿಕೊಂಡ ನಿನ್ನ ಫೋಟೋಕ್ಕೆ ಕಟ್ಟು ಹಾಕಿಸಿ ಹೊರಗಿನ ಕೋಣೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇನೆ.

ಆ ಹುಡುಗನ ವಿಷಯ. ಕರೆಯಲು ಅಡ್ಡಿಯೇನಿಲ್ಲ. ಆದರೆ ಈಗ ಶ್ರಾವಣ ಬರುತ್ತಿದೆ, ಪೂಜೆ ಪುನಸ್ಕಾರ ಹೆಚ್ಚು. ಅದಲ್ಲದೆ ನಿನ್ನ ಅವ್ವ ಮುಂದಿನ ವಾರ ವೇದಾಳ ಬಾಣಂತನಕ್ಕೆ ಅಹಮದಾಬಾದಿಗೆ ಹೋಗುತ್ತಾಳೆ, ಬರುವುದು ಡಿಸೆಂಬರಿಗೇ. ಮನೆಯಲ್ಲಿ ನಾನು ಮತ್ತು ಪದ್ಮಾ ಇಬ್ಬರೇ. ನಿನ್ನ ತಂಗಿಗೆ ಸೂರತ್‌ನ ಒಂದು ಸಂಬಂಧ ಬಂದಿದೆ. ತಂದೆ ಪಟ್ಟಾಭಿರಾಮಯ್ಯ, ಮೈಸೂರು ಕಡೆಯವರು, ಜೀವವಿಮಾ ಕಚೇರಿಯಲ್ಲಿ ದೊಡ್ಡ ಹುದ್ದೆ. ಹುಡುಗನೂ ಅಲ್ಲಿಯೇ ಬ್ಯಾಂಕಿನಲ್ಲಿದ್ದಾನೆ. ಬಲು ಸಂಪ್ರದಾಯದ ಮನೆ ಎಂದು ಕೇಳಿದ್ದೇನೆ.

ನಿನ್ನ ಅವ್ವನಿಗೆ ಹೇಳಿದಾಗ ಅವಳು, "ಬರಲಿ ಬಿಡ್ರಿ. ನನ್ನ ಮಗ ಅವರ ಮನ್ಯಾಗ ಉಣ್ಣಲಿಕ್ಕೆ ಹತ್ಯಾನ, ಅವರ ಹುಡುಗ ಇಲ್ಲೆ ಉಂಡ್ರ ಏನಾತು?" ಎಂದಳು. ಅವಳಿಗೆ ಹೊರಗಿನ ಮಾತು ತಿಳಿಯುವುದಿಲ್ಲ. ರೈಲ್ವೆ ಕಾಲೋನಿಯಲ್ಲಿ ಒಂದು ಮನೆಗೆ ಯಾರು ಬಂದರು ಎಂಬುದು ಹತ್ತು ಮನೆಗೆ ಗೊತ್ತಾಗುತ್ತದೆ. ನನಗೇನೂ ಇಲ್ಲ, ಆದರೆ ಮದುವೆಗೆ ಬಂದ ಹುಡುಗಿಯ ಮನೆ. ಸಮಯ ನೋಡಿ ಕರೆಯುತ್ತೇನೆ.

ಮೈಮೇಲೆ ಎಚ್ಚರವಿರಲಿ.

ಹಯವದನ


ಎಲಿಜಬೆತ್‌ವಿಲ್
30 ಸೆಪ್ಟೆಂಬರ್ 1961

ಅಪ್ಪನವರಿಗೆ ನಮಸ್ಕಾರ.

ಪತ್ರಿಕೆಯಲ್ಲಿ ನೋಡಿರುತ್ತೀರಿ. ಇಲ್ಲಿ ಬೀದಿ ಬೀದಿಯಲ್ಲಿ ಗುಂಡು ಹಾರಿತು. ಸಂಧಾನಕ್ಕೆಂದು ಹೊರಟ ವಿಶ್ವಸಂಸ್ಥೆಯ ಮುಖ್ಯಸ್ಥರು ವಿಮಾನ ಬಿದ್ದು ತೀರಿಕೊಂಡರು. ನಾನು ಚೆನ್ನಾಗಿದ್ದೇನೆ. ಈಗ ಗುಂಡು ನಿಂತಿದೆ, ಎಷ್ಟು ದಿನವೋ ತಿಳಿಯದು.

ಬಾಲುಬಾ ಜನ ಮನೆಗಳನ್ನು ಬಿಟ್ಟು ನಮ್ಮ ಪಾಳೆಯದ ಪಕ್ಕದ ಬಯಲಿಗೆ ಬಂದು ಸೇರಿದ್ದಾರೆ. ಸಾವಿರ ಸಾವಿರ ಜನ. ಗೋಣಿ, ತಗಡು, ಮರದ ಕೊಂಬೆ, ಸಿಕ್ಕಿದ್ದರಿಂದ ಸೂರು ಮಾಡಿಕೊಂಡಿದ್ದಾರೆ. ಮುಕೆಂಡಿ ಮಾಸ್ತರರ ಮನೆಯನ್ನೂ ಸುಲಿದರು. ಅವರೂ ಮಾರ್ತ್ ಅವರೂ ಮಕ್ಕಳೂ ಇಲ್ಲಿಯೇ ಒಂದು ತಗಡಿನ ಕೆಳಗೆ ಇದ್ದಾರೆ. ಮೊನ್ನೆ ನಾನು ನೋಡಲು ಹೋದಾಗ ಮಾರ್ತ್ ಡಬ್ಬಿಯೊಂದರಲ್ಲಿ ಸೊಪ್ಪು ಬೇಯಿಸಿ ನನ್ನ ಮುಂದಿಟ್ಟರು. ಬೇಡವೆಂದರೆ ನೊಂದುಕೊಳ್ಳುತ್ತಾರೆ, ತಿಂದರೆ ಮಕ್ಕಳ ಪಾಲು ತಿಂದಂತೆ. ತಿಂದೆ.

ಮಾತುಕತೆಗೆ ಕೂತಲ್ಲೆಲ್ಲ ಮಾಸ್ತರರು ಮೊದಲು ನನ್ನನ್ನು ಪರಿಚಯ ಮಾಡಿಕೊಡುವುದು ಹೀಗೆ: "ನನ್ನ ತಮ್ಮ ಇವರ ಊರಿನಲ್ಲಿದ್ದಾನೆ." ಆಗ ಎದುರಿನ ಮುದುಕರು, "ಇವರ ಜನ ಅವನನ್ನು ಹೇಗೆ ನೋಡಿಕೊಳ್ಳುತ್ತಾರೆ?" ಎಂದು ಕೇಳುತ್ತಾರೆ. ಮಾಸ್ತರರು ನನ್ನ ಮುಖ ನೋಡುತ್ತಾರೆ. ನಾನು ಕತ್ತು ತಗ್ಗಿಸುತ್ತೇನೆ.

ಜೋಸೆಫ್ ನನ್ನ ಸೇನಾ ಅಂಚೆಯ ವಿಳಾಸಕ್ಕೆ ಅಣ್ಣನಿಗೆ ಕಾಗದ ಬರೆಯುತ್ತಾನೆ. ಅದರಲ್ಲಿ ನಿಮ್ಮ ಕರೆ ಇನ್ನೂ ಬಂದಿಲ್ಲವೆಂದು ದೂರಿಲ್ಲ; ಕ್ಯಾಪ್ಟನ್ನರ ಮನೆಯವರಿಗೆ ಏನು ಒಯ್ಯುವುದು ಪದ್ಧತಿ ಎಂದು ಕೇಳಿದ್ದಾನೆ, ಅಷ್ಟೇ. ಹಣ್ಣು ಎಂದು ಹೇಳಿಸಿದ್ದೇನೆ.

ದಿವಾಕರ


ಬರೋಡಾ
29 ಅಕ್ಟೋಬರ್ 1961

ಚಿ. ದಿವಾಕರನಿಗೆ ಆಶೀರ್ವಾದ.

ಪದ್ಮಾಳ ಸಂಬಂಧ ಬಹುಮಟ್ಟಿಗೆ ಕೂಡಿತು. ಸೂರತ್‌ನವರು ಕಳೆದ ಭಾನುವಾರ ಬಂದು ನೋಡಿ ಹೋದರು, ಹುಡುಗಿ ಒಪ್ಪಿಗೆಯೆಂದು ಕಾಗದ ಬಂತು. ನಿನ್ನ ವಿಷಯ ಕೇಳಿ ಪಟ್ಟಾಭಿರಾಮಯ್ಯನವರಿಗೆ ಬಹಳ ಸಂತೋಷವಾಯಿತು.

ನೀನು ಬರೆದಿದ್ದ ಆ ಹುಡುಗನೂ ಬಂದಿದ್ದ. ಊಟ ಮಾಡಿ ಹೋದ. ಪದ್ಮಾ ಚಿತ್ರಾನ್ನ, ಹೋಳಿಗೆ ಮಾಡಿದ್ದಳು. ಸಭ್ಯ ಹುಡುಗ. ಇನ್ನು ನಿನಗೆ ಆ ಚಿಂತೆ ಬೇಡ.

ದೀಪಾವಳಿಗೆ ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ.

ಹಯವದನ


ಎಲಿಜಬೆತ್‌ವಿಲ್
14 ನವೆಂಬರ್ 1961

ಪ್ರೀತಿಯ ವೇದಕ್ಕಾ,

ಮಗು ಹೇಗಿದೆ? ನನ್ನ ಹೆಸರಿನ ಒಂದಾದರೂ ಅಕ್ಷರ ಅದರ ಹೆಸರಿನಲ್ಲಿರಲಿ ಎಂದು ಭಾವನವರಿಗೆ ಹೇಳು.

ಒಂದು ವಿಷಯ ಕೇಳಬೇಕು, ಅಪ್ಪನಿಗೆ ತಿಳಿಯುವುದು ಬೇಡ. ಮುಕೆಂಡಿ ಮಾಸ್ತರರ ತಮ್ಮನನ್ನು ಮನೆಗೆ ಊಟಕ್ಕೆ ಕರೆಯಲು ನಾನು ಬರೆದದ್ದು ನಿನಗೆ ಗೊತ್ತು. ಅವನು ಬಂದು ಉಂಡು ಹೋದ ಎಂದು ಅಪ್ಪ ಬರೆದರು. ಹೋದ ವಾರ ಜೋಸೆಫನ ಕಾಗದವೂ ಬಂತು. ಮಾಸ್ತರರು ಕುಣಿಯುವುದೊಂದು ಬಾಕಿ, ಅಷ್ಟು ಸಂತೋಷ. ಮರುದಿನ ಒಂದು ಹಳ್ಳಿಯಲ್ಲಿ ಮಾತುಕತೆ ಇತ್ತು. ಒಂದು ಕಡೆಯವರು ಇನ್ನೊಂದು ಕಡೆಯ ಹೆಂಗಸರು ಮಕ್ಕಳನ್ನು ಹಿಡಿದಿಟ್ಟಿದ್ದರು. ಎರಡು ದಿನದಿಂದ ಮಾತು ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ. ಮಾಸ್ತರರು ಎದ್ದು ನಿಂತು ತುಂಬ ಹೊತ್ತು ಏನೋ ಹೇಳಿದರು. ಹಿರಿಯರು ತಲೆದೂಗಿದರು. ಸಂಜೆಯ ಹೊತ್ತಿಗೆ ಅವರನ್ನೆಲ್ಲ ಬಿಟ್ಟರು.

"ಏನು ಹೇಳಿದಿರಿ?" ಎಂದು ಜೀಪಿನಲ್ಲಿ ಕೇಳಿದೆ.

"ನಡೆದದ್ದನ್ನೇ ಹೇಳಿದೆ. ಇವರ ತಾಯಿ ನನ್ನ ತಮ್ಮನನ್ನು ಮಗನ ಜಾಗದಲ್ಲಿ ಕೂರಿಸಿ ಕೈಯಾರೆ ಬಡಿಸಿದರು, ಸಾಕೆಂದರೂ ಬಿಡದೆ ಇನ್ನಷ್ಟು ಹಾಕಿದರು, ಹೊರಡುವಾಗ ತಲೆ ಮುಟ್ಟಿ ಹರಸಿದರು ಎಂದು."

ವೇದಕ್ಕಾ, ಅವ್ವ ಆಗಸ್ಟಿನಿಂದ ನಿನ್ನ ಮನೆಯಲ್ಲಿದ್ದಾಳಲ್ಲ? ನಡುವೆ ಬರೋಡಾಕ್ಕೆ ಹೋಗಿದ್ದಳೇ? ಹೋಗಿದ್ದಳು ಎಂದು ನೀನು ಬರೆದರೆ ನನಗೆ ನಿದ್ದೆ ಬರುತ್ತದೆ.

ನಿನ್ನ ತಮ್ಮ
ದಿವಾಕರ


ಅಹಮದಾಬಾದ್
25 ನವೆಂಬರ್ 1961

ದಿವಾಕರ,

ಅವ್ವ ಎಲ್ಲಿಗೂ ಹೋಗಿರಲಿಲ್ಲ. ನಿನ್ನ ಭಾವ ದಿನವೆಲ್ಲ ಸಂಶೋಧನಾಲಯದಲ್ಲಿ, ಇಲ್ಲಿ ನನಗೂ ಮಗುವಿಗೂ ಅವಳೇ ದಿಕ್ಕು. ದೀಪಾವಳಿಗೆ ಪದ್ಮಾ ಬಂದಿದ್ದಳು. ಬಂದ ದಿನವೇ ಅಡುಗೆಮನೆಯಲ್ಲಿ ಕೂತು ಅತ್ತಳು. ಅವಳು ಹೇಳಿದ್ದನ್ನು ನಾನು ಬರೆಯುತ್ತೇನೆ. ನಿನಗೆ ತಿಳಿಸಬಾರದೆಂದು ಮೊದಲು ಅಂದುಕೊಂಡಿದ್ದೆ. ನೀನೇ ಕೇಳಿದ ಮೇಲೆ ಮುಚ್ಚಿಡಲಾರೆ.

ನಿನ್ನ ಎರಡನೆಯ ಕಾಗದ ಬಂದ ಮೇಲೆ ಅಪ್ಪ ಆ ಹುಡುಗನನ್ನು ಕರೆದದ್ದು ನಿಜ. ದಸರೆ ಕಳೆದ ಭಾನುವಾರಕ್ಕೆ ಬಾ ಎಂದು ಕಾರ್ಡು ಬರೆದಿದ್ದರು. ಪದ್ಮಾ ಬೆಳಿಗ್ಗೆ ಎದ್ದು ಅಡುಗೆ ಮಾಡಿದಳು. ಅಷ್ಟರಲ್ಲಿ ಸೂರತ್‌ನವರು ಹೇಳದೆ ಕೇಳದೆ ಬಂದುಬಿಟ್ಟರು, ಯಾವುದೋ ಮದುವೆಗೆ ಬಂದವರು ಹಾಗೇ ಹುಡುಗಿ ನೋಡಿ ಹೋಗೋಣವೆಂದು. ಅವರು ಹೊರಗಿನ ಕೋಣೆಯಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಆ ಹುಡುಗ ಬಂದ. ಬಿಳಿ ಅಂಗಿ, ಟೈ, ಕೈಯಲ್ಲಿ ಒಂದು ಬುಟ್ಟಿ ಸೀತಾಫಲ. ಇಂಗ್ಲಿಷಿನಲ್ಲಿ, "ರಾವ್ ಅವರ ಮನೆ ಇದೇ ಅಲ್ಲವೇ ಸರ್?" ಎಂದ.

ಅಪ್ಪ ಎದ್ದು ಬಾಗಿಲಿಗೆ ಹೋಗಿ ಅಡ್ಡ ನಿಂತರು. "ಅಲ್ಲ. ನೀವು ವಿಳಾಸ ತಪ್ಪಿದ್ದೀರಿ. ಆ ರಾವ್ ಇರುವುದು ಹಿಂದಿನ ಸಾಲಿನಲ್ಲಿ" ಎಂದರು.

ಅವನು ಅಪ್ಪನ ಹೆಗಲ ಮೇಲಿಂದ ಗೋಡೆ ನೋಡಿದನಂತೆ. ನಿನ್ನ ಫೋಟೋ ಎದುರಿಗೇ ಇದೆ. ಸ್ವಲ್ಪ ಹೊತ್ತು ನೋಡಿ, "ತೊಂದರೆ ಕೊಟ್ಟೆ, ಕ್ಷಮಿಸಿ ಸರ್" ಎಂದು ಇಳಿದು ಹೋದ. ಹಿಂದಿನ ಸಾಲಿನ ಕಡೆ ತಿರುಗಲೂ ಇಲ್ಲ, ನೇರ ರಸ್ತೆಗೆ ಹೋದ. ಯಾರು ಎಂದು ಅವರು ಕೇಳಿದ್ದಕ್ಕೆ ಅಪ್ಪ, "ಯಾರೋ, ಮನಿ ತಪ್ಪಿ ಬಂದಾನ್ರಿ" ಎಂದರು. ಆಮೇಲೆ ಅವನಿಗೆಂದು ಮಾಡಿದ ಅಡುಗೆಯನ್ನೇ ಪದ್ಮಾ ಸೂರತ್‌ನವರಿಗೆ ಬಡಿಸಿದಳು. ಹೋಳಿಗೆ ಚೆನ್ನಾಗಿದೆ ಎಂದು ಅವರು ಎರಡು ಸಲ ಹಾಕಿಸಿಕೊಂಡರು. "ಅಕ್ಕಾ, ನಾ ತಲಿ ಎತ್ತಲಿಲ್ಲ, ಅವರು ನಾಚಿಕಿ ಅಂದ್ಕೊಂಡ್ರು" ಎಂದಳು ಪದ್ಮಾ.

ಅಪ್ಪನನ್ನು ಕೆಟ್ಟವರೆಂದು ತಿಳಿಯಬೇಡ ಎಂದು ಬರೆಯಲು ಹೊರಟೆ. ಪೆನ್ನು ಮುಂದೆ ಹೋಗಲಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ.

ವೇದಾ


ಎಲಿಜಬೆತ್‌ವಿಲ್
29 ಡಿಸೆಂಬರ್ 1961

ಅಪ್ಪಾ,

ಮುಕೆಂಡಿ ಮಾಸ್ತರರು ತೀರಿಕೊಂಡರು.

ಡಿಸೆಂಬರ್ ಮೊದಲ ವಾರ ಇಲ್ಲಿ ಮತ್ತೆ ಯುದ್ಧ ಹತ್ತಿಕೊಂಡಿತು. ಅದಕ್ಕೆ ಹಿಂದಿನ ದಿನ ನನಗೆ ವೇದಕ್ಕನ ಕಾಗದ ಬಂದಿತ್ತು. ಅದರಲ್ಲಿ ಏನಿತ್ತೆಂದು ನಾನು ಬರೆಯಬೇಕಾಗಿಲ್ಲ. ಮಾಸ್ತರರಿಗೆ ಹೇಳಿಬಿಡಬೇಕೆಂದು ಬೆಳಿಗ್ಗೆ ಹೋದೆ. ಅವರು ಮಗಳಿಗೆ ಜಡೆ ಹಾಕುತ್ತಿದ್ದರು. ಹೇಳಲಾಗಲಿಲ್ಲ. ಆಮೇಲೆ ಗುಂಡಿನ ಸದ್ದು ಶುರುವಾಯಿತು.

ಊರಿನ ಒಂದು ಬೀದಿಯಲ್ಲಿ ಶಿಬಿರಕ್ಕೆ ಬರಲಾಗದ ಕೆಲವು ಬಾಲುಬಾ ಕುಟುಂಬಗಳು ಸಿಕ್ಕಿಹಾಕಿಕೊಂಡಿದ್ದವು. ಎರಡೂ ಕಡೆಯವರನ್ನು ಕೇಳಿಕೊಂಡು ಒಂದು ಮಧ್ಯಾಹ್ನದ ಮಟ್ಟಿಗೆ ಗುಂಡು ನಿಲ್ಲಿಸಿದೆವು. ಲಾರಿ ತೆಗೆದುಕೊಂಡು ಹೋದರೆ ಒಂದು ಬಾಗಿಲೂ ತೆರೆಯಲಿಲ್ಲ. ಸಮವಸ್ತ್ರದವರೆಂದರೆ ಅವರಿಗೆ ಎಲ್ಲರೂ ಒಂದೇ. ಮಾಸ್ತರರು ಬಿಳಿ ಬಟ್ಟೆ ಹಿಡಿದು ಬೀದಿಯ ನಡುವೆ ನಿಂತು ಕೂಗಿ ಹೇಳಿದರು. ಈಗ ನನಗೂ ಅಷ್ಟಿಷ್ಟು ಸ್ವಾಹಿಲಿ ತಿಳಿಯುತ್ತದೆ. "ಇವರನ್ನು ನಂಬಿ. ಇವರ ತಾಯಿ ನನ್ನ ತಮ್ಮನಿಗೆ ಅನ್ನ ಬಡಿಸಿದ್ದಾರೆ" ಎಂದರು.

ನಾನು ಪಕ್ಕದಲ್ಲಿಯೇ ನಿಂತಿದ್ದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಬಾಗಿಲುಗಳು ತೆರೆದವು. ಹಾಸಿಗೆ, ಕೋಳಿ, ಹೊಲಿಗೆ ಯಂತ್ರ ಹೊತ್ತುಕೊಂಡು ಜನ ಬಂದರು. ಕೊನೆಗೆ ನಡೆಯಲಾಗದ ಒಬ್ಬ ಮುದುಕಿಯನ್ನು ತರಲು ಮಾಸ್ತರರು ಬೀದಿಯ ಆ ತುದಿಗೆ ಹೋದರು. ಒಂದೇ ಒಂದು ಗುಂಡು. ಯಾವ ಕಡೆಯದೆಂದು ಇವತ್ತಿಗೂ ತಿಳಿದಿಲ್ಲ. ಜೀಪಿನಲ್ಲಿ ನನ್ನ ತೊಡೆಯ ಮೇಲೆ ಹೋದರು.

ಜೋಸೆಫನಿಗೆ ಈ ಸುದ್ದಿ ಮುಟ್ಟಿಸಬೇಕು. ಕಚೇರಿಯ ಮೂಲಕ ಹೋದರೆ ತಿಂಗಳುಗಳು ಬೇಕು, ತಂತಿಯಲ್ಲಿ ಕಳಿಸಲು ನನಗೆ ಮನಸ್ಸಿಲ್ಲ. ನೀವು ಹೋಗಿ ಹೇಳಬೇಕು. ಹೇಗೆ ಹೇಳಬೇಕೆಂದು ನಾನು ಹೇಳಿಕೊಡಲಾರೆ.

ನೀವು ಬರೆದ ಚಿತ್ರಾನ್ನ, ಹೋಳಿಗೆಯ ಕಾಗದ ನನ್ನ ಹತ್ತಿರವೇ ಇತ್ತು. ಹರಿದುಹಾಕಿದೆ. ನಿಮ್ಮ ಅಕ್ಷರ ಅದು, ನೋಡಲು ನನಗೇ ನಾಚಿಕೆಯಾಗುತ್ತಿತ್ತು.

ದಿವಾಕರ


ಬರೋಡಾ
21 ಜನವರಿ 1962

ಚಿ. ದಿವಾಕರನಿಗೆ,

ಹೋಗಿದ್ದೆ.

ಮೊದಲ ದಿನ ಹಾಸ್ಟೆಲಿನ ಗೇಟಿನವರೆಗೆ ಹೋಗಿ ವಾಪಸು ಬಂದೆ. ಫತೇಗಂಜ್‌ನ ಇಗರ್ಜಿಯ ಹತ್ತಿರ ಒಂದು ಚಹಾದಂಗಡಿಯಲ್ಲಿ ಕೂತು, ಹುಡುಗರು ಹೋಗಿ ಬರುವುದನ್ನು ನೋಡಿ, ಎದ್ದು ಬಂದೆ. ಮನೆಗೆ ಬಂದಾಗ ನಿನ್ನ ಅವ್ವ ಬಾಗಿಲಲ್ಲಿದ್ದಳು. ಅಹಮದಾಬಾದಿನಿಂದ ಬಂದವಳಿಗೆ ಪದ್ಮಾ ಎಲ್ಲ ಹೇಳಿದ್ದಾಳೆ. "ಹೇಳಿ ಬಂದ್ರ್ಯಾ?" ಎಂದಳು. ಇಲ್ಲವೆಂದೆ. "ಹಂಗಾದ್ರ ನಾಳೆ ನಾನು ಹೋಗ್ತೀನಿ" ಎಂದಳು. ಮರುದಿನ ನಾನೇ ಹೋದೆ.

ಅವನು ಓದುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಕುರ್ಚಿ ಸರಿಸಿ ಕೊಟ್ಟ. ಗುರುತಿಲ್ಲದವನಂತೆ ನಟಿಸಲಿಲ್ಲ. ನಾನು ಕೂಡಲಿಲ್ಲ. ನಿಂತೇ, "ನಿಮ್ಮ ಅಣ್ಣ ಹೋಗಿಬಿಟ್ಟರು" ಎಂದೆ. ನೀನು ಬರೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಮೂವತ್ತು ವರ್ಷ ಆಫೀಸಿನಲ್ಲಿ ಬರೆದ ಇಂಗ್ಲಿಷು, ಇಂಥದಕ್ಕೆ ಅದರಲ್ಲಿ ಮಾತೇ ಇರಲಿಲ್ಲ. ಬೀದಿಯಲ್ಲಿ ನಿಂತು ಅವರು ಏನು ಕೂಗಿದರೆಂಬುದನ್ನೂ ಬಿಡದೆ ಹೇಳಿದೆ. ಅದನ್ನು ಬಿಟ್ಟು ಹೇಳಬಹುದಿತ್ತು. ಬಿಟ್ಟಿದ್ದರೆ ಅವನ ಮುಂದೆ ಎರಡನೆಯ ಸಲ ಸುಳ್ಳು ಹೇಳಿದಂತಾಗುತ್ತಿತ್ತು.

ಅವನು ಹೊರಗೆ ಹೋಗಿ ಬಹಳ ಹೊತ್ತು ನಲ್ಲಿಯ ಕೆಳಗೆ ಮುಖವಿಟ್ಟು ನಿಂತ. ಬಂದು ಮಂಚದ ಮೇಲೆ ಕೂತು, "ಕೊನೆಗೆ ಜೊತೆಯಲ್ಲಿ ಯಾರಿದ್ದರು?" ಎಂದು ಕೇಳಿದ.

"ನನ್ನ ಮಗ."

"ಒಳ್ಳೆಯದಾಯಿತು" ಎಂದ.

ನಾನು ತಡೆಯಲಾರದೆ ಕೇಳಿದೆ, "ನಮ್ಮ ಮನೆಯಲ್ಲಿ ಉಂಡೆ ಎಂದು ನೀನು ಅಣ್ಣನಿಗೆ ಯಾಕೆ ಬರೆದೆ?"

ಅವನು ನನ್ನ ಮುಖ ನೋಡದೆ ಹೇಳಿದ, "ನನ್ನ ಅಣ್ಣ ನಿಮ್ಮ ಮಗನ ಜೊತೆ ದಿನವೂ ಕಾಡುದಾರಿಯಲ್ಲಿ ಹೋಗಬೇಕಾಗಿತ್ತು ಸರ್. ಪಕ್ಕದಲ್ಲಿ ಕೂತವನ ಮೇಲೆ ಅನುಮಾನವಿದ್ದರೆ ಅಂಥ ಕೆಲಸ ಆಗುವುದಿಲ್ಲ. ನಿಮಗಾಗಿ ಬರೆಯಲಿಲ್ಲ."

ದಿವಾಕರ, ನಿನ್ನ ಸಂಧಾನದ ಕೆಲಸ ಏನೆಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಏನೆಂದು ತಿಳಿದದ್ದು ಆ ಕೋಣೆಯಲ್ಲಿ, ಇಪ್ಪತ್ತೆರಡು ವರ್ಷದ ಹುಡುಗನ ಬಾಯಿಂದ.

ಹೊರಡುವಾಗ, "ಮನೆಗೆ ಬಾ. ನನ್ನ ಹೆಂಡತಿ ದಾರಿ ಕಾಯುತ್ತಾಳೆ" ಎಂದೆ.

"ಅದು ರಾವ್ ಅವರ ಮನೆಯಲ್ಲ ಎಂದು ನೀವೇ ಹೇಳಿದ್ದೀರಲ್ಲ ಸರ್" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಗೇಟಿನವರೆಗೆ ಬಂದು ಒಂದು ಮಾತು ಕೇಳಿಕೊಂಡ. ಅತ್ತಿಗೆಗೆ ನಿಜ ತಿಳಿಸಬಾರದಂತೆ. ಅಣ್ಣ ನಂಬಿ ಸತ್ತದ್ದನ್ನು ಅವಳೂ ನಂಬಿಕೊಂಡಿರಲಿ ಎಂದ.

ಹಯವದನ


ಸೂರತ್
11 ಮಾರ್ಚ್ 1962

ಚಿ. ದಿವಾಕರನಿಗೆ,

ನಿನ್ನಿಂದ ಕಾಗದವಿಲ್ಲ. ಬರೆಯೆಂದು ಹೇಳುವ ಬಾಯಿ ನನಗಿಲ್ಲ, ನಾನು ಬರೆಯುತ್ತಿರುತ್ತೇನೆ.

ಮದುವೆಯ ಮುಹೂರ್ತದ ಮಾತಿಗೆ ಇಲ್ಲಿಗೆ ಬಂದಿದ್ದೇನೆ. ಹೊರಡುವ ಮೊದಲು ಪದ್ಮಾ, "ಅಪ್ಪಾ, ಅವರಿಗೆ ಎಲ್ಲಾ ಹೇಳ್ರಿ. ಹೇಳದಽ ಈ ಮದುವಿ ನನಗ ಬ್ಯಾಡ" ಎಂದಳು. ಇಂದು ಬೆಳಿಗ್ಗೆ ಪಟ್ಟಾಭಿರಾಮಯ್ಯನವರ ಮುಂದೆ ಹೇಳಿದೆ. ಸಂಬಂಧ ಮುರಿದರೆ ಮುರಿಯಲಿ ಎಂದು ಗಟ್ಟಿಮಾಡಿಕೊಂಡೇ ಹೇಳಿದೆ.

ಅವರು ಕೈಯಲ್ಲಿದ್ದ ಪೇಪರು ಮಡಚಿಟ್ಟರು. "ನನಗೆ ಅವತ್ತೇ ಗೊತ್ತಾಯ್ತು ರಾಯರೇ. ಆ ಹುಡುಗ ಫೋಟೋ ನೋಡಿದ್ದು ನಾನು ಕಂಡೆ. ಆಮೇಲೆ ಊಟಕ್ಕೆ ಕೂತಾಗ ನೀವು ನಿಮ್ಮ ಮಗ ಕಾಂಗೋದಲ್ಲಿದ್ದಾನೆ ಅಂದ್ರಿ. ಅಷ್ಟೂ ತಿಳಿಯದಷ್ಟು ದಡ್ಡನಲ್ಲ ನಾನು."

"ಹಂಗಿದ್ರ ಯಾಕ್ರೀ ಕೇಳಲಿಲ್ಲ?"

"ಕೇಳಿದ್ರೆ ನಿಮಗೆ ಅವಮಾನ ಆಗುತ್ತೆ, ಒಳ್ಳೆ ಹುಡುಗಿ ಕೈತಪ್ಪುತ್ತೆ ಅಂತ ಸುಮ್ಮನಾದೆ. ಹೋಳಿಗೆ ತಿಂದೆ. ನೀವು ಅವನನ್ನು ಒಳಗೆ ಕರೆದಿದ್ರೆ ನಮ್ಮ ಮನೆಯೋರು ಏನಂತಿದ್ರೋ, ನಾನಂತೂ ಏನೂ ಅಂತಿರಲಿಲ್ಲ. ಆದ್ರೆ ಅದನ್ನ ಅವತ್ತು ಬಾಯಿಬಿಟ್ಟು ಹೇಳಲಿಲ್ವಲ್ಲ."

ಯಾರ ಹೆದರಿಕೆಯಿಂದ ನಾನು ಬಾಗಿಲಿಗೆ ಅಡ್ಡ ನಿಂತೆನೋ, ಅವರು ಹೀಗೆ ಹೇಳಿದರು. ಆಮೇಲೆ ಪಂಚಾಂಗ ತೆಗೆದರು. ಮದುವೆ ಮೇ ತಿಂಗಳ ಕೊನೆಗೆ.

ಹಯವದನ


ಎಲಿಜಬೆತ್‌ವಿಲ್
8 ಏಪ್ರಿಲ್ 1962

ಅಪ್ಪನವರಿಗೆ ನಮಸ್ಕಾರ.

ನಿಮ್ಮ ಎರಡೂ ಕಾಗದ ತಲುಪಿದವು. ಉತ್ತರ ಬರೆಯಲು ಕೂತು ಕೂತು ಬಿಟ್ಟೆ. ತಪ್ಪು ನಿಮ್ಮದೊಬ್ಬರದೇ ಎಂಬಂತೆ ಬರೆದಿದ್ದೆ. ಆ ಬೀದಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತವನು ನಾನು.

ಶಿಬಿರದ ಜನರನ್ನು ಅವರ ಮೂಲದ ಸೀಮೆ ಕಸಾಯ್‌ಗೆ ಕಳಿಸುವ ಮಾತು ನಡೆದಿದೆ. ಮಾರ್ತ್ ಹುಟ್ಟಿದ್ದು ಈ ಊರಿನಲ್ಲಿಯೇ, ಕಸಾಯ್‌ನಲ್ಲಿ ಅವರಿಗೆ ಯಾರೂ ಇಲ್ಲ. ಜೋಸೆಫ್ ಓದು ನಿಲ್ಲಿಸಿ ಬರುತ್ತೇನೆಂದು ಬರೆದಿದ್ದಾನೆ. ಅವರನ್ನು ಮುಟ್ಟಿಸಿ, ಆಮೇಲೆ ನಮ್ಮ ತಂಡದಲ್ಲಿ ಅಣ್ಣನ ಕೆಲಸ ಮಾಡುತ್ತಾನಂತೆ. ಬೇಡವೆಂದು ಬರೆದೆ. ಕೇಳಲಿಲ್ಲ.

ನಿನ್ನೆ ಮಾರ್ತ್ ನನ್ನನ್ನು ಕರೆಸಿ, ನಿಮ್ಮ ತಾಯಿಗೆ ನನ್ನ ನಮಸ್ಕಾರ ಬರೆಯಿರಿ ಎಂದರು. ಬರೆಯುತ್ತೇನೆ ಎಂದೆ. ಬರೆದಿದ್ದೇನೆ. ಅವ್ವನಿಗೆ ಓದಿ ಹೇಳಬೇಕೋ ಬೇಡವೋ, ನೀವೇ ನೋಡಿ.

ದಿವಾಕರ


ಬರೋಡಾ
6 ಮೇ 1962

ಚಿ. ದಿವಾಕರನಿಗೆ ಆಶೀರ್ವಾದ.

ನಿನ್ನ ಅವ್ವನಿಗೆ ಓದಿ ಹೇಳಿದೆ. ಅವಳು ಒಳಗೆ ಹೋಗಿ ದೇವರ ಮುಂದೆ ಕೂತವಳು ಸಂಜೆ ದೀಪ ಹಚ್ಚುವ ಹೊತ್ತಿಗೇ ಎದ್ದಳು.

ಜೋಸೆಫ್ ಮೊನ್ನೆ ಹೊರಟ. ಬೊಂಬಾಯಿಯಿಂದ ಹಡಗು. ಯಾವ ಗಾಡಿಗೆ ಹೋಗುತ್ತಾನೆಂದು ಹಾಸ್ಟೆಲಿನಲ್ಲಿ ಕೇಳಿ ತಿಳಿದುಕೊಂಡು ಸ್ಟೇಷನ್ನಿಗೆ ಹೋದೆ. ಅವ್ವ ಬುತ್ತಿ ಕಟ್ಟಿಕೊಡುತ್ತೇನೆಂದಳು, ನಾನೇ ಬೇಡವೆಂದೆ. ಒಂದು ಬುತ್ತಿಯಲ್ಲಿ ತೀರುವ ಮಾತಲ್ಲ ಅದು.

ಮದುವೆಯ ದಿನಗಳು, ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಗುರುತಿನ ಟಿಕೆಟ್ ಕಲೆಕ್ಟರ್ ದವೆ ಅಲ್ಲಿದ್ದ. ಜೋಸೆಫನಿಗೆ ಒಂದು ಕೂಡುವ ಜಾಗ ಮಾಡಿಕೊಡು ಎಂದೆ. ದವೆ ಮಾಡಿಕೊಟ್ಟ. ನಾನೂ ಒಳಗೆ ಹತ್ತಿದೆ. ಡಬ್ಬಿ ತುಂಬ ಜನ, ನಮ್ಮ ಆಫೀಸಿನವರೂ ಇಬ್ಬರಿದ್ದರು. ದವೆ ಎಲ್ಲರೆದುರಿಗೆ ಗುಜರಾತಿಯಲ್ಲಿ, "ಇವರು ಯಾರು ರಾವ್ ಸಾಹೇಬ್, ನಿಮಗೆ ಹೇಗೆ ಪರಿಚಯ?" ಎಂದು ಕೇಳಿದ.

ಮಗನ ಸ್ನೇಹಿತ ಎಂದರೆ ಸಾಕಾಗಿತ್ತು. ನಾನು ಗುಜರಾತಿಯಲ್ಲೇ ಹೇಳಿದೆ: "ಇವರನ್ನು ನಾನು ಊಟಕ್ಕೆ ಕರೆದಿದ್ದೆ. ಬಾಗಿಲಿಗೆ ಬಂದಾಗ ಮನೆಯಲ್ಲಿ ನೆಂಟರಿದ್ದರು, ಇದು ನೀನು ಹುಡುಕುವ ಮನೆಯಲ್ಲ ಎಂದು ಕಳಿಸಿದೆ. ಇವರ ಅಣ್ಣ ನನ್ನ ಮಗನ ಪಕ್ಕದಲ್ಲಿ ನಿಂತು ಸತ್ತರು."

ದವೆ ತಮಾಷೆಯೆಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. ಎದುರು ಕೂತಿದ್ದ ಒಬ್ಬ ಮುದುಕಿ ಸೆರಗು ಸರಿಮಾಡಿಕೊಂಡು ಕಿಟಕಿಯ ಹೊರಗೆ ನೋಡಿದಳು. ನಮ್ಮ ಆಫೀಸಿನವರು ಚಪ್ಪಲಿ ನೋಡುತ್ತಿದ್ದರು. ಎರಡು ವರ್ಷ ಇಲ್ಲಿದ್ದ ಹುಡುಗ, ಗುಜರಾತಿ ಅವನಿಗೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಸೀಟಿ ಊದಿದಾಗ ಅವನು ಆ ಭಾಷೆಯಲ್ಲೇ, "ಕಾಕಾ, ಗಾಡಿ ಹೊರಡುತ್ತದೆ, ಇಳಿಯಿರಿ" ಎಂದ. ಇಲ್ಲಿ ಹಿರಿಯರಿಗೆಲ್ಲ ಹಾಗೆ ಅನ್ನುತ್ತಾರೆ. ನಾನು ಅದಕ್ಕೆ ಹೆಚ್ಚಿನ ಅರ್ಥ ಹಚ್ಚಿಕೊಂಡಿಲ್ಲ. ಇಳಿದೆ.

ಇನ್ನು ಅವನು ನಿನ್ನ ಪಕ್ಕದಲ್ಲಿ ಕೂತು ಮಾತುಕತೆ ನಡೆಸುತ್ತಾನೆ. ಯಾರಾದರೂ ಮುದುಕರು ಇವರ ಮನೆ ಎಂಥದು ಎಂದು ಅವನನ್ನು ಕೇಳಿಯೇ ಕೇಳುತ್ತಾರೆ. ಏನು ಹೇಳಬೇಕೆಂಬುದು ಅವನಿಗೆ ಬಿಟ್ಟದ್ದು. ನೀನು ನಡುವೆ ಬಾಯಿ ಹಾಕಬೇಡ. ನನ್ನ ಪರವಾಗಿ ಅವನ ಮುಂದೆ ಏನೂ ಹೇಳಬೇಡ.

ನಿನ್ನ ಅಪ್ಪ
ಹಯವದನ